ರ‍್ಯಾಂಪಿನ ಮೇಲೆ ಒಣಗಿದ ಕಾಫಿ

ಕಾಫಿ ಹಣ್ಣು ಕಣದಲ್ಲಿ ಒಣಗುವಾಗ ಒಂದು ಹುಳಿ ವಾಸನೆ ಏಳುತ್ತದೆ. ಕೊಡಗು ನೋಡಲು ಬಂದವರು ಕಾರಿನ ಗಾಜು ಇಳಿಸಿ ಅದನ್ನು ಎದೆ ತುಂಬ ಎಳೆದುಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ನಗುವವರು ನಗಬಹುದು. ಹೋದ ವಾರ ಗೆಳತಿ ಸೆಲ್ವಿಯ ಮಗುವನ್ನು ನೋಡಲು ಪಾಲಿಬೆಟ್ಟಕ್ಕೆ ಹೋದಾಗಲೂ ಹಾಗೇ ಆಯಿತು. ಅವಳ ಮನೆಯ ಪಕ್ಕದ ಎಸ್ಟೇಟಿನ ಕಣದಲ್ಲಿ ಕಾಫಿ ಹರವಿದ್ದರು. ಕಾರು ನಿಂತದ್ದೇ ತಡ, "ಸೆಲ್ವಿ, ಮೊದಲು ಬಾತ್‌ರೂಮು" ಅಂದೆ. ಅವಳು ಮಗುವನ್ನು ತನ್ನ ಅಮ್ಮನ ಕೈಗೆ ಕೊಟ್ಟು, "ಇನ್ನೂ ಹೋಗಿಲ್ವಾ ನಿಂಗೆ ಆ ರೋಗ?" ಎಂದು ನಕ್ಕಳು. ನಾನೂ ನಕ್ಕೆ. ನಾವು ಎಂ.ಎ. ಎರಡನೇ ವರ್ಷದಲ್ಲಿದ್ದಾಗಿನ ಕಾಫಿ ಕೊಯ್ಲಿನ ದಿನಗಳು ಇಬ್ಬರಿಗೂ ನೆನಪಾಗಿದ್ದವು.

ಹುಟ್ಟಿದಾಗಿನಿಂದ ನನ್ನ ಕಾಲುಗಳಿಗೆ ಬಲವಿಲ್ಲ. ನಮ್ಮದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಮನೆ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಡಿಗ್ರಿ ಮುಗಿಯುವವರೆಗೂ ಅಪ್ಪ ತನ್ನ ಗೂಡ್ಸ್ ಆಟೋದಲ್ಲಿ ಕರೆದೊಯ್ದು, ಎತ್ತಿ ಬೆಂಚಿನ ಮೇಲೆ ಕೂರಿಸಿ, ಸಂಜೆ ಬಂದು ಮತ್ತೆ ಎತ್ತಿಕೊಂಡು ಬರುತ್ತಿದ್ದ. ಕನ್ನಡ ಎಂ.ಎ.ಗೆ ಸೇರುವಾಗ ನಾನು ಹಟ ಹಿಡಿದೆ. ಹಾಸ್ಟೆಲಿನಲ್ಲಿರುತ್ತೇನೆ, ನನ್ನ ಗಾಲಿಕುರ್ಚಿಯನ್ನು ನಾನೇ ತಳ್ಳಿಕೊಂಡು ಕ್ಲಾಸಿಗೆ ಹೋಗುತ್ತೇನೆ, ಯಾರೂ ಎತ್ತುವುದು ಬೇಡ ಎಂದೆ. ಅಪ್ಪ ಕೊನೆಗೆ ಒಪ್ಪಿದ.

"ಆಗ್ದೇ ಹೋದ್ರೆ ಒಂದ್ ಫೋನ್ ಹಾಕವ್ವ. ಬಂದು ಎತ್ಕೊಂಡ್ ಬತ್ತೀನಿ" ಅಂದ.

ಅಪ್ಪ ಅದನ್ನು ಪ್ರೀತಿಯಿಂದಲೇ ಹೇಳಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ನಮ್ಮ ಸ್ನಾತಕೋತ್ತರ ಕೇಂದ್ರದ ಕ್ಯಾಂಪಸ್ಸು ಗುಡ್ಡದ ಮೇಲಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನಗೆ ಕೆಳಗಿನ ರೂಮು ಸಿಕ್ಕಿತು; ಜೊತೆಗೆ ಸೆಲ್ವಿ ಸಿಕ್ಕಳು. ಅವಳು ಎಸ್ಟೇಟಿನ ಕೂಲಿಗಳು ಇರುವ ಲೈನ್ ಮನೆಯಲ್ಲಿ ಬೆಳೆದವಳು, ಬಾಯಿಗೆ ಬೀಗವಿಲ್ಲದವಳು. ಹಾಸ್ಟೆಲಿನಿಂದ ವಿಭಾಗದ ಕಟ್ಟಡದವರೆಗೆ ಡಾಂಬರು ರಸ್ತೆಯಿತ್ತು. ಅಲ್ಲಿಯವರೆಗೆ ನಾನು ರಾಣಿ. ಕಟ್ಟಡದ ಕೆಳಗೆ ಕಚೇರಿ, ಮುಖ್ಯಸ್ಥರ ಕೋಣೆ, ಸದಾ ಬೀಗ ಹಾಕಿರುತ್ತಿದ್ದ ಸೆಮಿನಾರ್ ಹಾಲು ಮತ್ತು ಶೌಚಾಲಯ. ನಮ್ಮ ಕ್ಲಾಸು ಮಾಳಿಗೆಯ ಮೇಲೆ. ನಡುವೆ ಮೆಟ್ಟಿಲು. ಮೊದಲ ದಿನ ಆ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿ ತಲೆಯೆತ್ತಿ ನೋಡಿದಾಗ ನನಗೆ ಅಳು ಬಂದಿತ್ತು.

ಅಳುವುದಕ್ಕೆ ಯಾರೂ ಬಿಡಲಿಲ್ಲ ಅನ್ನಿ. ಕಕ್ಕಬೆಯ ಬೋಪಣ್ಣ ಎಂಬ ಹುಡುಗ ಹಿಂದಿನಿಂದ ಬಂದವನೇ, "ಎಂಥ ಮಾರಾಯ್ತಿ, ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ತೀಯ? ನಾವಿಲ್ವಾ!" ಎಂದು ಇನ್ನೂ ಮೂವರನ್ನು ಕರೆದ. ನಾಲ್ವರೂ ಕುರ್ಚಿಯ ಸಮೇತ ನನ್ನನ್ನು ಎತ್ತಿ, ನಗುನಗುತ್ತ ಮೇಲೆ ತಂದು ಇಳಿಸಿದರು. ಮೊದಲ ವರ್ಷ ಪೂರ್ತಿ ಹಾಗೇ ನಡೆಯಿತು. ಒಳ್ಳೆಯ ಹುಡುಗರು. ಒಬ್ಬನೂ ಒಂದು ದಿನ ಮುಖ ಸಿಂಡರಿಸಲಿಲ್ಲ. ಮುಖ್ಯಸ್ಥರಂತೂ ಬಂದವರಿಗೆಲ್ಲ "ನಮ್ಮ ಮಕ್ಕಳ ಮಾನವೀಯತೆ ನೋಡಿ" ಎಂದು ತೋರಿಸುತ್ತಿದ್ದರು. ಕ್ಲಾಸನ್ನು ಕೆಳಗಿನ ಸೆಮಿನಾರ್ ಹಾಲಿಗೆ ತರಬಹುದಲ್ಲ ಸರ್ ಎಂದು ನಾನು ಕೇಳಿದಾಗ, "ಹುಡುಗರು ಇಷ್ಟು ಚೆನ್ನಾಗಿ ನೋಡ್ಕೊಳ್ತಿದ್ದಾರಲ್ಲಮ್ಮ, ಇನ್ನೇನು ತೊಂದರೆ?" ಎಂದರು. ಆ ಪ್ರಶ್ನೆಗೆ ಉತ್ತರ ನನ್ನ ಹೊಟ್ಟೆಯೊಳಗಿತ್ತು. ಒಮ್ಮೆ ಮೇಲೆ ಹೋದರೆ ಸಂಜೆಯವರೆಗೆ ಇಳಿಯುವ ಹಾಗಿಲ್ಲ. ಶೌಚಾಲಯ ಕೆಳಗೆ. "ನನಗೆ ಮೂತ್ರಕ್ಕೆ ಹೋಗಬೇಕು, ಎತ್ತಿ" ಎಂದು ನಾಲ್ಕು ಜನ ಹುಡುಗರನ್ನು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಕಾಫಿ ನಾಡಿನಲ್ಲಿದ್ದೂ ಬೆಳಗಿನ ಕಾಫಿ ಬಿಟ್ಟೆ.

"ನೀ ಒಣಗಿ ಕರುವಾಡು ಆಗ್ತೀಯ ನೋಡು" ಎಂದು ಸೆಲ್ವಿ ಬೈಯುತ್ತಿದ್ದಳು. ಕರುವಾಡು ಅಂದರೆ ಒಣಮೀನು.

ಎರಡನೇ ವರ್ಷ ಚಳಿ ಬಿತ್ತು, ತೋಟಗಳಲ್ಲಿ ಕಾಫಿ ಹಣ್ಣಾಯಿತು. ಒಂದು ಸೋಮವಾರ ಬೋಪಣ್ಣ ಬ್ಯಾಗು ಹೆಗಲಿಗೇರಿಸಿಕೊಂಡೇ ಹಾಸ್ಟೆಲಿನ ಹತ್ತಿರ ಬಂದು ನಿಂತ.

"ಪಿಕ್ಕಿಂಗ್ ಶುರುವಾಯ್ತು ಭಾಗ್ಯ. ಈ ವರ್ಷ ಆಳೇ ಸಿಗ್ತಿಲ್ಲ. ಅಪ್ಪ ಕೂಡಲೇ ಬಾ ಅಂದಿದ್ದಾರೆ. ನೀನು ಹೇಗೂ ಮ್ಯಾನೇಜ್ ಮಾಡ್ತೀಯಲ್ಲ?"

ಮಾಡುತ್ತೇನೆ ಎಂದೆ. ಇನ್ನೇನು ಹೇಳಲಿ? ಆಳು ಸಿಗದ ವರ್ಷ ಕೊಯ್ಲಿನ ಕಾಲದಲ್ಲಿ ಕೊಡಗಿನ ತೋಟದ ಮನೆಯ ಮಕ್ಕಳು ಕ್ಲಾಸಿನಲ್ಲಿ ಕೂರುವುದಿಲ್ಲ. ಹಾಜರಿ ಕೇಳುವವರಿಗೂ ಸ್ವಂತ ತೋಟವಿರುತ್ತದೆ, ಅವರೂ ಕೇಳುವುದಿಲ್ಲ. ಒಂದೇ ವಾರದಲ್ಲಿ ನನ್ನನ್ನು ಎತ್ತುವ ಕೈಗಳೆಲ್ಲ ಗಿಡದ ಬುಡಕ್ಕೆ ಹೋದವು. ಉಳಿದವರಲ್ಲಿ ಸಿಕ್ಕವರನ್ನು ಸೆಲ್ವಿ ಅಂಗಲಾಚಿ ಕರೆದು ತರುತ್ತಿದ್ದಳು. ಒಂದು ದಿನ ಕ್ಯಾಂಟೀನಿನವನು, ಇನ್ನೊಂದು ದಿನ ಪೈಪು ರಿಪೇರಿಗೆ ಬಂದವರು. ಗುರುತಿಲ್ಲದ ಗಂಡಸರ ಬೆವರು ಮೂಗಿಗೆ ಬಡಿಯುತ್ತಿತ್ತು. ಒಬ್ಬ ಹಿಡಿಯಬಾರದ ಕಡೆ ಹಿಡಿದ. ಕೈ ಜಾರಿತೋ ಬೇಕೆಂದೇ ಹಿಡಿದನೋ ಹೇಳುವ ಹಾಗಿರಲಿಲ್ಲ. ಹೇಳಿದರೆ ನಾಳೆಯಿಂದ ಯಾರೂ ಬರುವುದಿಲ್ಲ. ಯಾರೂ ಸಿಗದ ದಿನ ಮೆಟ್ಟಿಲ ಬುಡದಲ್ಲಿ ಕುಳಿತು, ಮೇಲಿನಿಂದ ತೇಲಿ ಬರುವ ಪಾಠದ ದನಿಯನ್ನು ಕೇಳುತ್ತಿದ್ದೆ. ಅಪ್ಪನ ನಂಬರು ಒತ್ತುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ನಮ್ಮ ಕೇಂದ್ರವನ್ನು ಪರಿಶೀಲಿಸಲು ಹೊರಗಿನಿಂದ ತಂಡವೊಂದು ಬರುತ್ತದೆಂಬ ಸುದ್ದಿ ಬಂತು. ಅಂಗವಿಕಲರಿಗೆ ರ‍್ಯಾಂಪು ಇದೆಯೇ ಎಂದು ಅವರು ಕೇಳುತ್ತಾರಂತೆ. ಮುಖ್ಯಸ್ಥರು ನನ್ನನ್ನು ಕರೆದು, "ನಿನಗೋಸ್ಕರ ರ‍್ಯಾಂಪು ಮಾಡಿಸ್ತಿದ್ದೀವಮ್ಮ" ಎಂದರು. ನನಗೆ ಖುಷಿ ತಡೆಯಲಾಗಲಿಲ್ಲ. ಕಟ್ಟಡ ಗುಡ್ಡದ ಇಳಿಜಾರಿನಲ್ಲಿತ್ತು. ಹಿಂಬದಿಯ ಅಂಗಳದಿಂದ ನಮ್ಮ ಕ್ಲಾಸಿನ ಮಾಳಿಗೆ ಅಷ್ಟೇನೂ ಎತ್ತರವಿರಲಿಲ್ಲ. ಅಲ್ಲಿಂದ ಮೇಲಿನ ಜಗಲಿಗೆ ರ‍್ಯಾಂಪು ಏರಿಸಿ, ಹಿಂಬಾಗಿಲಿನಿಂದ ಒಳಗೆ ಹೋಗುವ ಹಾಗೆ ಮಾಡುವುದಾಗಿತ್ತು. ಅಲ್ಲಿಗೆ ಹೋಗಲು ಹಾಸ್ಟೆಲಿನಿಂದ ಸುತ್ತು ರಸ್ತೆಯೂ ಇತ್ತು. ನಾನು ದಿನಾ ಹೋಗಿ ನೋಡುತ್ತಿದ್ದೆ. ಸಿಮೆಂಟಿನ ವಾಸನೆಯೂ ಆಗ ಹಿತವಾಗಿತ್ತು.

ಕಟ್ಟಲು ಬಂದ ಮೇಸ್ತ್ರಿ ಸುತ್ತಲ ತೋಟಗಳಲ್ಲೆಲ್ಲ ಕಾಫಿ ಕಣ ಮಾಡುವುದರಲ್ಲಿ ಹೆಸರಾದವನು. ಅವನಿಗೆ ಗೊತ್ತಿದ್ದ ಇಳಿಜಾರಿನ ನೆಲ ಅದೊಂದೇ. ಕಣವೆಂದರೆ ನೀರು ನಿಲ್ಲಬಾರದು, ಬೀಜ ಸಿಕ್ಕಿಕೊಳ್ಳಬಾರದು, ಹಲಗೆಯಿಂದ ಎಳೆದರೆ ಒಂದೂ ಉಳಿಯದೆ ಜಾರಿ ಬರಬೇಕು. ಅವನು ಮನಸ್ಸಿಟ್ಟು, ಕರಣೆಯಿಂದ ತಿಕ್ಕಿ ತಿಕ್ಕಿ, ನನ್ನ ರ‍್ಯಾಂಪನ್ನು ಹಾಗೇ ನುಣ್ಣಗೆ ಮಾಡಿದ. ಮುಗಿಸಿದ ದಿನ ಅಂಗೈಯಿಂದ ಸವರಿ, "ನೋಡಿ ಮೇಡಂ, ಇರುವೆ ಬಂದ್ರೂ ಜಾರ್ಬೇಕು!" ಎಂದು ಬೀಗಿದ.

ಇರುವೆಯ ಕತೆ ಗೊತ್ತಿಲ್ಲ, ನಾನು ಜಾರಿದೆ. ಬೆಳಗಿನ ಇಬ್ಬನಿ ಬಿದ್ದಿತ್ತು. ಚಕ್ರ ಅಲ್ಲೇ ಗಿರಗಿರ ತಿರುಗಿತು, ಅರ್ಧ ಏರಿದವಳು ಹಿಂದಕ್ಕೆ ಬಂದು ಸೆಲ್ವಿಯ ಹೊಟ್ಟೆಗೆ ಗುದ್ದಿದೆ. ಬಿಸಿಲೇರಿದ ಮೇಲೂ ಆ ಕಡಿದಾದ ಏರು ನನ್ನ ತೋಳಿಗೆ ಬಗ್ಗಲಿಲ್ಲ. ನಾನು ಮುಖ್ಯಸ್ಥರ ಹತ್ತಿರ ಹೋಗಿ ಹೇಳಿದೆ. "ತಂಡ ಬಂದು ಹೋಗಲಮ್ಮ, ಆಮೇಲೆ ಕೊತ್ತಿಸಿ ಒರಟು ಮಾಡಿಸೋಣ" ಎಂದರು. ತಂಡ ಬಂದ ದಿನ ನನ್ನನ್ನು ಹೊಸ ಚೂಡಿದಾರದಲ್ಲಿ ಅಲ್ಲಿಗೆ ಕರೆಸಿದರು. ಕಚೇರಿಯ ಇಬ್ಬರು ಹಿಂದಿನಿಂದ ನೂಕಿದರು, ನಾನು ಏರಿದೆ, ತಂಡದವರು ಚಪ್ಪಾಳೆ ತಟ್ಟಿದರು. ಒಬ್ಬರು ನನ್ನ ತಲೆ ಸವರಿದರು. ಅವರ ಕಾರುಗಳು ಗುಡ್ಡ ಇಳಿದ ಮೇಲೆ ರ‍್ಯಾಂಪಿನ ಮಾತನ್ನು ಯಾರೂ ಎತ್ತಲಿಲ್ಲ.

ಯಾರೂ ಎಂದರೆ ಸುಳ್ಳಾಗುತ್ತದೆ. ಬೆಳ್ಯಪ್ಪಣ್ಣನ ಕಣ್ಣು ಅದರ ಮೇಲೆ ಬಿತ್ತು. ಬೆಳ್ಯಪ್ಪಣ್ಣ ನಮ್ಮ ವಿಭಾಗದ ಅಟೆಂಡರು, ಅರೆಭಾಷೆ ಆಡುವ ಗೌಡರ ಪೈಕಿಯವನು. ಗುಡ್ಡದ ಕೆಳಗೆ ತುಂಡು ತೋಟವಿತ್ತು, ಕಣವಿರಲಿಲ್ಲ. ದಿನವಿಡೀ ಬಿಸಿಲು ಬೀಳುವ, ನುಣುಪಾದ, ಇಳಿಜಾರಿನ ಹೊಸ ಸಿಮೆಂಟು ನೆಲ ಖಾಲಿ ಬಿದ್ದಿರುವುದನ್ನು ಅವನಿಂದ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ರ‍್ಯಾಂಪಿನ ತುಂಬ ಕೆಂಪು ಕಾಫಿ ಹಣ್ಣು ಹರವಿತ್ತು.

"ಬೈಬೇಡ ಕೂಸೆ" ಅಂದ. "ಎಂತ ಮಾಡುದು ಹೇಳು? ಒಂದು ಹದಿನೈದು ದಿನ. ನಿಂಗೆ ಬೇಕಾದ್ರೆ ಬದಿಲಿ ಗಾಲಿ ಹೋಗುವಷ್ಟು ದಾರಿ ಬಿಟ್ಟಿದ್ದೆ ನೋಡು."

ನಿಜವಾಗಿಯೂ ಬಿಟ್ಟಿದ್ದ. ನನಗೆ ನಗು ಬಂತು, ಹಾಗೇ ಸಿಟ್ಟೂ ಬಂತು. ಅವನೊಂದಿಗೆ ಜಗಳವಾಡಿ ಏನು ಸಿಗುತ್ತಿತ್ತು? ನನಗೆ ಹೇಗೂ ಏರಲಾಗದ ರ‍್ಯಾಂಪು ಅದು. ಹಣ್ಣು ಒಣಗತೊಡಗಿತು, ಹುಳಿ ವಾಸನೆ ಕ್ಲಾಸಿನೊಳಗೆಲ್ಲ ತುಂಬಿತು. ನಾನು ಮೊದಲಿನಂತೆ ಕಂಡವರ ಕೈಯಲ್ಲಿ ಮೆಟ್ಟಿಲು ಹತ್ತಿ, ಆ ವಾಸನೆ ಕುಡಿಯುತ್ತ, ತೊಡೆ ಬಿಗಿಹಿಡಿದು ಕುಳಿತಿರುತ್ತಿದ್ದೆ.

ಮಳೆ ಬಂದ ದಿನ ಸೆಲ್ವಿ ಇರಲಿಲ್ಲ, ಅಮ್ಮನಿಗೆ ಜ್ವರವೆಂದು ಪಾಲಿಬೆಟ್ಟಕ್ಕೆ ಹೋಗಿದ್ದಳು. ಜನವರಿಯಲ್ಲಿ ಮಳೆ ಬರಬಾರದು. ಬಂದರೆ ಕೊಡಗಿನಲ್ಲಿ ಅದು ಎಲ್ಲರ ಮನೆಯ ವಿಷಯ. ಯಾರದೇ ಕಣವಾಗಲಿ, ಕಂಡವರು ಕೈಯಲ್ಲಿದ್ದದ್ದನ್ನು ಬಿಸಾಕಿ ಓಡುತ್ತಾರೆ. ಹಗೆಯವನ ಕಾಫಿಯನ್ನೂ ನೆನೆಯಲು ಬಿಡುವುದಿಲ್ಲ. ಮಧ್ಯಾಹ್ನದ ಪಾಠ ನಡೆಯುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ನನಗೇ ಮೋಡ ಮೊದಲು ಕಂಡಿತು. "ಮಳೆ! ಬೆಳ್ಯಪ್ಪಣ್ಣನ ಕಾಫಿ!" ಎಂದು ಕೂಗಿದವಳೂ ನಾನೇ. ನಾನೂ ಈ ನೆಲದಲ್ಲಿ ಹುಟ್ಟಿದವಳಲ್ಲವೇ? ಕ್ಲಾಸಿಗೆ ಕ್ಲಾಸೇ ಎದ್ದು ಓಡಿತು. ಪಾಠ ಮಾಡುತ್ತಿದ್ದ ಮೇಡಂ ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಓಡಿದರು.

ಕಿಟಕಿಯಿಂದ ನೋಡಿದೆ. ಎಷ್ಟು ಚೆಂದ ಕೆಲಸ ಮಾಡಿದರು! ಹಲಗೆಯಿಂದ ಎಳೆಯುವವರು ಎಳೆದರು, ಬುಟ್ಟಿಗೆ ತುಂಬುವವರು ತುಂಬಿದರು. ರ‍್ಯಾಂಪಿನ ಮೇಲ್ತುದಿಯ ಜಗಲಿಯಲ್ಲಿ, ಹಿಂಬಾಗಿಲಿಗೆ ಒತ್ತಿ ರಾಶಿ ಹಾಕಿ ಟಾರ್ಪಾಲು ಮುಚ್ಚಿದರು. ಆಗ ಮಳೆ ಧೋ ಎಂದು ಸುರಿಯಿತು. ತೊಯ್ದು ತೊಪ್ಪೆಯಾದವರೆಲ್ಲ ನಗುತ್ತ, ಕಿರುಚುತ್ತ, ಬಸ್ಸಿಗೆ ಹೋಗುವವರು ಬಸ್ಸಿಗೆ, ಹಾಸ್ಟೆಲಿಗೆ ಹೋಗುವವರು ಹಾಸ್ಟೆಲಿಗೆ ಓಡಿದರು. ಭಾಗ್ಯಳನ್ನು ಬೇರೆ ಯಾರಾದರೂ ಇಳಿಸಿರುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡರಂತೆ.

ಕರೆಂಟು ಹೋಯಿತು, ಕೆಳಗಿನ ಕಚೇರಿಯವರೂ ಮನೆಗೆ ಹೊರಟುಹೋಗಿದ್ದರು. ಮೊಬೈಲಿನಲ್ಲಿ ನೆಟ್‌ವರ್ಕ್ ಕೂಡ ಹೋಯಿತು. ಗುಡ್ಡದಲ್ಲಿ ಅದು ಮಾಮೂಲು. ನಾನು ಕೂಗಿದೆ. ತಗಡಿನ ಮೇಲೆ ಬೀಳುವ ಮಳೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಹಿಂಬಾಗಿಲನ್ನು ನೂಕಿ ನೋಡಿದೆ. ಕಾಫಿಯ ರಾಶಿ ಅಲುಗಲಿಲ್ಲ. ಇತ್ತ ಮೆಟ್ಟಿಲು, ಅತ್ತ ಕಾಫಿ. ಹೊಟ್ಟೆಯ ಕೆಳಗೆ ನೋವು ಶುರುವಾಗಿತ್ತು. ಬೆಳ್ಯಪ್ಪಣ್ಣ ಬೀಗ ಹಾಕಲು ಬರುವುದು ಕತ್ತಲೆಯಾದ ಮೇಲೆ; ಅಲ್ಲಿಯವರೆಗೆ ತಡೆಯಲು ಸಾಧ್ಯವಿಲ್ಲವೆಂದು ಗೊತ್ತಾಯಿತು.

ಕುರ್ಚಿಯಿಂದ ನೆಲಕ್ಕೆ ಜಾರಿದೆ. ಕೂತಲ್ಲಿಂದಲೇ, ಕಾಲುಗಳನ್ನು ಕೈಯಿಂದ ಎತ್ತಿ ಮುಂದಿಡುತ್ತ, ಒಂದೊಂದೇ ಮೆಟ್ಟಿಲು ಇಳಿದೆ. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹರಿಯಿತು. ಇದನ್ನು ಇವತ್ತಿನವರೆಗೆ ಸೆಲ್ವಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ. ಆ ಒದ್ದೆಯ ಮೇಲೇ ಜಾರಿಕೊಂಡು ಉಳಿದದ್ದನ್ನೂ ಇಳಿದೆ. ನಾಚಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಹೇಳಲಾಗದಂಥ ಸಿಟ್ಟು. ಅವರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ.

ಬೀಗ ಹಾಕಲು ಬಂದ ಬೆಳ್ಯಪ್ಪಣ್ಣನ ಟಾರ್ಚು ನನ್ನ ಮೇಲೆ ಬಿತ್ತು.

"ಅಯ್ಯೋ ದೇವರೆ! ನನ್ನ ಕಾಫಿ ಗಲಾಟೆಲಿ ನಿನ್ನ ಮರ್ತೇ ಬಿಟ್ಟರಲ್ಲ ಕೂಸೆ!" ಎನ್ನುತ್ತ ಮೈಮೇಲಿದ್ದ ಶಾಲು ತೆಗೆದು ನನಗೆ ಹೊದಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಎತ್ತಲು ಎರಡೂ ಕೈ ಚಾಚಿದ.

"ಮುಟ್ಬೇಡಿ" ಅಂದೆ. "ಕುರ್ಚಿ ತನ್ನಿ."

ಅವನು ಕುರ್ಚಿ ತಂದ. ಕೊನೆಯ ಮೆಟ್ಟಿಲಿನಿಂದ ನಾನೇ ಕಂಬಿ ಹಿಡಿದು, ತೆವಳಿ, ಅದರಲ್ಲಿ ಕೂತೆ.

ಮರುದಿನದಿಂದ ಎತ್ತಿಸಿಕೊಳ್ಳುವುದನ್ನು ನಿಲ್ಲಿಸಿದೆ. ಬೆಳಿಗ್ಗೆ ಬಂದು ಮುಖ್ಯಸ್ಥರ ಕೋಣೆಯ ಎದುರಿನ ಕಾರಿಡಾರಿನಲ್ಲಿ ಕೂರುತ್ತಿದ್ದೆ, ಸಂಜೆ ಹೋಗುತ್ತಿದ್ದೆ. ನಡುವೆ ನೀರು ಕುಡಿಯುತ್ತಿದ್ದೆ. ಮುಖ್ಯಸ್ಥರು ನನ್ನನ್ನು ದಾಟಿಕೊಂಡೇ ಓಡಾಡಬೇಕಿತ್ತು. "ಹಟ ಮಾಡಬೇಡಮ್ಮ, ಹಾಜರಿ ಹೋಗುತ್ತೆ. ಬೇಕಾದರೆ ದೂರಶಿಕ್ಷಣಕ್ಕೆ ವರ್ಗಾಯಿಸಿಕೋ, ಮನೆಯಲ್ಲೇ ಓದಬಹುದು" ಎಂದರು. ಮನೆ ಎಂಬ ಮಾತೇ ನನಗೆ ಹೆದರಿಕೆ. ಆದರೂ ಅಲ್ಲಿಂದ ಕದಲಲಿಲ್ಲ. ಸೆಲ್ವಿ ಮಾತ್ರ ಪ್ರತಿ ಪಾಠ ಮುಗಿದ ಮೇಲೆ ಇಳಿದು ಬಂದು, ಕೇಳಿದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ.

ಕೊಯ್ಲು ಮುಗಿಸಿ ಬೋಪಣ್ಣ ಬಂದ. ಕೈಯೆಲ್ಲ ಕಾಫಿಯ ಕರೆ. ಎಂದಿನಂತೆ ತೋಳು ಮಡಚಿ, "ಬಾ ಹೋಗುವ" ಅಂದ.

"ಬೇಡ."

"ಎಂಥ ಬೇಡ? ನಾವೇನು ಹೊರಗಿನವರಾ?" ಅವನ ಮುಖ ಕೆಂಪಾಯಿತು.

"ನೀನು ಒಳ್ಳೆಯವನೇ ಬೋಪಣ್ಣ. ಆದ್ರೆ ನಿಂಗೆ ತೋಟ ಇದೆ. ನಂಗೆ ದಿನಾ ಕ್ಲಾಸಿದೆ."

ಅವನು ಮಡಚಿದ ತೋಳು ಇಳಿಸಿಕೊಂಡ. ಸೀದಾ ಮೇಲೆ ಹೋದ. ಕೋಪ ಮಾಡಿಕೊಂಡು ಹೋದನೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಬೋಪಣ್ಣ ಮತ್ತು ಇನ್ನೊಬ್ಬ ಬೆಂಚು ಹೊತ್ತುಕೊಂಡು ಇಳಿಯುತ್ತಿದ್ದರು. ಅದರ ಹಿಂದೆ ಇನ್ನೊಂದು, ಮತ್ತೊಂದು. ಸೆಲ್ವಿ ಕರಿಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಬಂದಳು. ಕಾರಿಡಾರಿನಲ್ಲೇ ಸಾಲಾಗಿ ಬೆಂಚು ಹಾಕಿದರು. ಮೇಡಂ ಬಂದು ಒಂದು ಕ್ಷಣ ನಿಂತು ನೋಡಿ, ಸೆರಗು ಸರಿಪಡಿಸಿಕೊಂಡು ಅಲ್ಲೇ ಪಾಠ ಶುರು ಮಾಡಿದರು. ಒಂದು ವಾರ ಪಾಠದ ಸದ್ದಿಗೆ ಕಚೇರಿಯವರಿಗೆ ಫೋನಿನಲ್ಲಿ ಮಾತಾಡಲಾಗಲಿಲ್ಲ. ಆಮೇಲೆ ಬೆಳ್ಯಪ್ಪಣ್ಣನ ಕೈಯಲ್ಲಿ ಸೆಮಿನಾರ್ ಹಾಲಿನ ಬೀಗದ ಕೈ ಬಂತು.

ಆ ಹಾಲಿನಲ್ಲಿ ನಾನು ಕಳೆದ ಮೂರ‍್ನಾಲ್ಕು ತಿಂಗಳು ನನ್ನ ಓದಿನ ಜೀವನದಲ್ಲೇ ಸುಖದ ದಿನಗಳು. ಬೇಕೆಂದಾಗ ಹೋಗುತ್ತಿದ್ದೆ, ಬೇಕೆಂದಾಗ ಬರುತ್ತಿದ್ದೆ. ಒಂದು ದಿನ ಪಾಠ ಬೇಸರವಾಯಿತೆಂದು ನಡುವೆಯೇ ಎದ್ದು ಹೋದೆ, ಅಂದರೆ ಗಾಲಿ ತಿರುಗಿಸಿಕೊಂಡು ಹೋದೆ. ಕ್ಲಾಸಿಗೆ ಚಕ್ಕರ್ ಹೊಡೆಯುವ ಸುಖ ಏನೆಂದು ಮೊದಲ ಸಲ ತಿಳಿಯಿತು.

ಬೇಸಿಗೆಯಲ್ಲಿ ಕೊನೆಯ ಪರೀಕ್ಷೆಯನ್ನೂ ಅಲ್ಲೇ ಬರೆದೆ. ಅಂದು ಬರೆದು ಮುಗಿಸಿ, ಗೆಳೆಯರನ್ನೆಲ್ಲ ಬೀಳ್ಕೊಟ್ಟು, ಅಪ್ಪನ ಆಟೋಗೆ ಕಾಯುತ್ತ ಹಾಲಿನ ಬಾಗಿಲಲ್ಲಿ ಕೂತಿದ್ದೆ. ಬೆಳ್ಯಪ್ಪಣ್ಣ ಕಚೇರಿಯ ಇಬ್ಬರನ್ನು ಕರೆದುಕೊಂಡು ಬಂದು ಬೆಂಚು ಎತ್ತಿಸತೊಡಗಿದ.

"ಎಲ್ಲಿಗೆ?" ಎಂದೆ.

"ಮೇಲಕ್ಕೆ. ಇನ್ನು ಬೇಡಲ್ಲ ಕೂಸೆ, ನಿಂದು ಮುಗ್ತಲ್ಲ."

"ಬರೋ ವರ್ಷ ನನ್ನಂಥವರು ಬಂದ್ರೆ?"

"ಬಂದ್ರೆ ಆಗ ಇಳಿಸಿದ್ರಾತ್."

"ಮೇಲಿದ್ರೆ ಹೇಗೆ ಬರ‍್ತಾರೆ ಬೆಳ್ಯಪ್ಪಣ್ಣ?"

ಸಾಹೇಬರು ಹೇಳಿದ್ದಾರೆ ಎಂದಷ್ಟೇ ಅಂದ. ನಾನು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ತಿರುಗಿಸಿ ಬ್ರೇಕು ಹಾಕಿದೆ. ಬೆಂಚು ಹಿಡಿದವರು ಒಳಗೇ ನಿಂತರು. ಬೆಳ್ಯಪ್ಪಣ್ಣ "ದಾರಿ ಬಿಡು ಕೂಸೆ" ಎಂದು ಬೇಡಿಕೊಂಡ. ಗದ್ದಲ ಕೇಳಿ ಮುಖ್ಯಸ್ಥರು ಕೋಣೆಯಿಂದ ಹೊರಬಂದರು. ಅದೇ ಹೊತ್ತಿಗೆ ಅಪ್ಪ ಬಂದ. ದೊಡ್ಡ ಸಾಹೇಬರನ್ನು ಕಂಡು ತಲೆಯ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಎಲ್ಲರೂ ತನ್ನ ಮಗಳ ಕಡೆ ನೋಡುತ್ತಿರುವುದು ಅವನಿಗೆ ಕಂಡಿತು. ವಿಷಯ ಏನೆಂದು ಬೆಳ್ಯಪ್ಪಣ್ಣ ಹೇಳಿದ.

"ಬುಡವ್ವ" ಅಂದ ಅಪ್ಪ, ಮೆಲ್ಲಗೆ. "ನಿಂದು ಪಾಸಾಯ್ತದಲ್ಲ, ಇನ್ಯಾಕೆ ದೊಡ್ಡೋರ್ ಕೂಡೆ?"

"ಅಪ್ಪ, ಒಂದ್ನಿಮಿಷ ಇರು" ಎನ್ನುವಷ್ಟರಲ್ಲಿ ಅವನು ಬಗ್ಗಿ, ಒಂದು ಕೈ ಬೆನ್ನಿಗೆ ಒಂದು ಕೈ ಮಂಡಿಯ ಕೆಳಗೆ ಕೊಟ್ಟು, ಚಿಕ್ಕಂದಿನಿಂದ ಎತ್ತಿದ ಹಾಗೆಯೇ ನನ್ನನ್ನು ಎತ್ತಿಕೊಂಡ. ಬೇಡ ಎಂದು ಅವನ ಎದೆಗೆ ಗುದ್ದಿದೆ. ಅವನು ಸಾಹೇಬರ ಕಡೆ ನೋಡಿ, ತಪ್ಪಾಯಿತು ಎಂಬಂತೆ ನಕ್ಕು, ಆಟೋದ ಕಡೆ ನಡೆದ. ಅವನ ಹೆಗಲ ಮೇಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಯಾರೋ ನನ್ನ ಖಾಲಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಬೆಂಚುಗಳು ಒಂದರ ಹಿಂದೆ ಒಂದು ಹೊರಬಂದು ಮೆಟ್ಟಿಲು ಹತ್ತತೊಡಗಿದವು.